ಎರಡು ರೀಫಿಲ್ಲು, ಒಂದು ನೂಲು

ಮಕ್ಕಳ ಸೈನ್ಸ್ ಪ್ರಾಜೆಕ್ಟ್ ಅಂದರೆ ಈಗ ಅಪ್ಪ-ಅಮ್ಮಂದಿರ ಪ್ರಾಜೆಕ್ಟ್. ಇಲ್ಲಿ ಮುಂಬಯಿಯಲ್ಲಿ ಸ್ಟೇಷನರಿ ಅಂಗಡಿಗೆ ಹೋದರೆ ರೆಡಿಮೇಡ್ ಮಾಡೆಲ್ಲೇ ಸಿಗುತ್ತದೆ, ಮಗುವಿನ ಹೆಸರು ಬರೆಯುವುದೊಂದೇ ಬಾಕಿ. ಸ್ಥಿರವಿದ್ಯುತ್ತಿಗೂ ಇದೇ ಗತಿ ಬಂದದ್ದು ನೋಡಿ ನನಗೆ ಸಿಟ್ಟು ಬರುತ್ತದೆ. ಅದಕ್ಕೆ ಖರ್ಚೇ ಇಲ್ಲ ಮಾರಾಯ್ರೆ!

ಬರೆದು ಮುಗಿದ ಎರಡು ಬಾಲ್‌ಪೆನ್ ರೀಫಿಲ್, ಒಂದು ಪ್ಲಾಸ್ಟಿಕ್ ಚೀಲ, ತುಂಡು ನೂಲು, ಕಾಗದದ ಚೂರು. ಇಷ್ಟೇ. (ಮೊದಲು ಸ್ಟ್ರಾದಲ್ಲಿ ಮಾಡುತ್ತಿದ್ದೆವು. 2022ರ ಜುಲೈನಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧ ಆಯ್ತು, ಒಳ್ಳೆಯದೇ ಆಯ್ತು ಬಿಡಿ.) ರೀಫಿಲ್ಲನ್ನು ಚೀಲದಿಂದ ಚೆನ್ನಾಗಿ ತಿಕ್ಕಿ ಹತ್ತಿರ ಹಿಡಿದರೆ ಕಾಗದದ ಚೂರುಗಳು ಹಾರಿ ಅಂಟಿಕೊಳ್ಳುತ್ತವೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ನನ್ನ ತಕರಾರು ಇರುವುದೂ ಇಲ್ಲೇ. ಚಾರ್ಜ್ ಆದ ವಸ್ತು ಚಾರ್ಜೇ ಇಲ್ಲದ ಕಾಗದವನ್ನೂ ಸೆಳೆಯುತ್ತದೆ. ಹಾಗಾಗಿ ಎರಡರಲ್ಲೂ ಚಾರ್ಜ್ ಇದೆಯೋ ಇಲ್ಲವೋ ಅಂತ ಸೆಳೆತ ನೋಡಿ ಹೇಳಲಾಗದು. ದೂಡುವುದನ್ನು ತೋರಿಸಬೇಕು. ತಿಕ್ಕಿದ ಒಂದು ರೀಫಿಲ್ಲನ್ನು ನೂಲಿನಲ್ಲಿ ಅಡ್ಡ ತೂಗುಹಾಕಿ, ಇನ್ನೊಂದನ್ನು ಅದೇ ಚೀಲದಿಂದ ತಿಕ್ಕಿ, ತಿಕ್ಕಿದ ತುದಿಯ ಹತ್ತಿರ ತನ್ನಿ. ಮುಟ್ಟದೆಯೇ ಅದು ತಿರುಗಿ ದೂರ ಸರಿಯುತ್ತದೆ. ಆ ಹೊತ್ತಿನಲ್ಲಿ ಮಗುವಿನ ಮುಖ ನೋಡಬೇಕು ನೀವು!

ಈಗ ಇನ್ನೊಂದು ಸಂಗತಿ. ನಮ್ಮ ಶಾಲೆಗಳು ಪ್ರಾಜೆಕ್ಟ್ ಕೊಡುವುದು ಜುಲೈ-ಆಗಸ್ಟಿನಲ್ಲಿ. ಆಗ ಮುಂಬಯಿಯಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ಗಾಳಿಯ ತೇವ ರೀಫಿಲ್ಲಿನ ಮೇಲೆ ತೆಳ್ಳಗೆ ಕೂತು ಚಾರ್ಜ್ ಸೋರಿಹೋಗುತ್ತದೆ. ಎಷ್ಟು ತಿಕ್ಕಿದರೂ ಕಾಗದ ಅಲುಗುವುದಿಲ್ಲ. ಮಗು ಅಳುಮೋರೆ ಹಾಕುತ್ತದೆ, ಅಪ್ಪ ಅಂಗಡಿಗೆ ಓಡುತ್ತಾನೆ. ಅದೇ ರೀಫಿಲ್ಲು ಚಳಿಗಾಲದಲ್ಲಿ, ದೆಹಲಿಯಲ್ಲಿ ಸ್ವೆಟರ್ ಬಿಚ್ಚಿದರೆ ಚಟಚಟ ಅನ್ನುತ್ತದಲ್ಲ ಅಂಥ ಹವೆಯಲ್ಲಿ, ಸೊಗಸಾಗಿ ಕೆಲಸ ಮಾಡುತ್ತದೆ.

ನಾನು ಹೇಳುವುದು, ಅಂಗಡಿಗೆ ಓಡಬೇಡಿ. 'ಇವತ್ತು ಮಳೆ, ಆಗಲಿಲ್ಲ' ಅಂತ ಮಗುವೇ ಬರೆಯಲಿ. ಹೇರ್ ಡ್ರೈಯರ್‌ನಿಂದ ಎಲ್ಲ ಒಣಗಿಸಿ ಮತ್ತೆ ಮಾಡಲಿ, ಎಷ್ಟು ಚೂರು ಎದ್ದವು ಅಂತ ಎಣಿಸಲಿ. ಜನವರಿಯಲ್ಲಿ ಇನ್ನೊಮ್ಮೆ ಎಣಿಸಲಿ. ಥರ್ಮೋಕೋಲ್ ಮಾಡೆಲ್ಲಿಗೆ ಪೂರ್ತಿ ಮಾರ್ಕು ಕೊಡುವ ಟೀಚರುಗಳು ಇಂಥ ಎರಡು ಪುಟದ ಲೆಕ್ಕಕ್ಕೆ ಯಾಕೆ ಕೊಡಬಾರದು?

ಅಂದಹಾಗೆ, ರೀಫಿಲ್ ಇಲ್ಲದಿದ್ದರೆ ಬಾಚಣಿಗೆಯೂ ಆದೀತು. ಆದರೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಬೇಡ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.