ನುಡಿ, ನಡೆ ಮತ್ತು ಮಿದುಳಿನ ಕನ್ನಡಿ

ನುಡಿ ಮತ್ತು ನಡೆ ಎಂಬ ಎರಡು ಪದಗಳನ್ನು ಕನ್ನಡಿಗರು ಬಹುಕಾಲದಿಂದ ಜೊತೆಯಾಗಿಯೇ ಬಳಸುತ್ತ ಬಂದಿದ್ದಾರೆ. ಒಂದರ ಬೆಲೆಯನ್ನು ಮತ್ತೊಂದರಿಂದ ಅಳೆಯುವುದು ಈ ನಾಡಿನ ರೂಢಿ. ಇವೆರಡರ ನಂಟು ಕೇವಲ ನೀತಿಯ ಮಾತಲ್ಲ, ಅದು ಮಿದುಳಿನ ರಚನೆಯಲ್ಲಿಯೇ ಬೇರೂರಿದೆ ಎಂಬ ವಾದವೊಂದು ಕಳೆದ ಮೂರು ದಶಕಗಳಲ್ಲಿ ವಿಜ್ಞಾನಲೋಕದಲ್ಲಿ ಬಲಗೊಂಡಿತು. ಆ ವಾದ ಈಗ ಶಿಕ್ಷಣಕ್ಷೇತ್ರವನ್ನೂ ಪ್ರವೇಶಿಸಿದೆ. ಅದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ಅಧ್ಯಾಪಕರೂ ಶಾಲೆಗಳ ಪೋಷಕರೂ ವಿವೇಚಿಸುವುದು ಅಗತ್ಯವಾಗಿದೆ.

ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದಲ್ಲಿ ಜಾಕೊಮೊ ರಿಜೊಲಾಟಿ ಮತ್ತು ಅವರ ಸಹೋದ್ಯೋಗಿಗಳು ಮಕಾಕ್ ಜಾತಿಯ ಕೋತಿಗಳ ಮಿದುಳನ್ನು ಅಭ್ಯಸಿಸುತ್ತಿದ್ದರು. ಕೈಯ ಚಲನೆಯನ್ನು ಅಣಿಗೊಳಿಸುವ 'ಎಫ್-5' ಎಂಬ ಭಾಗದಲ್ಲಿ ಅವರಿಗೊಂದು ಸೋಜಿಗ ಕಂಡಿತು. ಕೋತಿ ತಾನೇ ಆಹಾರದ ತುಣುಕನ್ನು ಎತ್ತಿಕೊಂಡಾಗ ಚುರುಕುಗೊಳ್ಳುತ್ತಿದ್ದ ಕೆಲವು ನರಕೋಶಗಳು, ಎದುರಿಗಿದ್ದವರು ಅದೇ ಕೆಲಸ ಮಾಡುವುದನ್ನು ಅದು ಸುಮ್ಮನೆ ನೋಡುತ್ತಿದ್ದಾಗಲೂ ಚುರುಕುಗೊಂಡವು. 1992ರಲ್ಲಿ ಇದರ ಮೊದಲ ವರದಿ ಪ್ರಕಟವಾಯಿತು. 1996ರ ಬರಹಗಳಲ್ಲಿ ಇವಕ್ಕೆ 'ಕನ್ನಡಿ ನರಕೋಶಗಳು' ಎಂಬ ಹೆಸರು ಬಂದಿತು. ಶೇಂಗಾಕಾಯಿ ಒಡೆಯುವ ಸದ್ದು ಕಿವಿಗೆ ಬಿದ್ದರೂ ಇಂಥ ಕೆಲವು ಕೋಶಗಳು ಸ್ಪಂದಿಸುತ್ತವೆಂದು 2002ರಲ್ಲಿ ತಿಳಿದುಬಂದಿತು. 2010ರಲ್ಲಿ ಮನುಷ್ಯರ ಮಿದುಳಿನಲ್ಲಿಯೂ ಇಂಥ ಗುಣವುಳ್ಳ ಕೋಶಗಳು ನೇರವಾಗಿ ದಾಖಲಾದವು.

ಇದಕ್ಕೂ ಭಾಷೆಗೂ ಏನು ಸಂಬಂಧ? ಮಾತನಾಡುವ ಶಕ್ತಿಗೆ ಅಗತ್ಯವೆಂದು ಪಾಲ್ ಬ್ರೋಕಾ 1861ರಲ್ಲಿ ಗುರುತಿಸಿದ ಭಾಗಕ್ಕೂ ಕೋತಿಯ ಎಫ್-5 ಭಾಗಕ್ಕೂ ಸಾಮ್ಯವಿದೆಯೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಇದನ್ನೇ ಆಧಾರವಾಗಿಸಿಕೊಂಡು ರಿಜೊಲಾಟಿ ಮತ್ತು ಮೈಕೇಲ್ ಆರ್ಬಿಬ್ 1998ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ಮಾನವನ ಭಾಷೆ ಕೇವಲ ಕೂಗಿನಿಂದ ಹುಟ್ಟಿದುದಲ್ಲ, ಕೈಸನ್ನೆಯಿಂದಲೂ ಪರರ ಕ್ರಿಯೆಯನ್ನು ಗುರುತಿಸುವ ಶಕ್ತಿಯಿಂದಲೂ ಬೆಳೆದುದು ಎಂಬುದು ಅದರ ಸಾರ. 'ಗ್ರಹಿಸು' ಎಂಬ ಪದವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರಲಾರದು. ಹಿಡಿಯುವುದು, ಅರಿಯುವುದು ಎಂಬ ಎರಡೂ ಅರ್ಥಗಳು ಅದರಲ್ಲಿ ಅಡಕವಾಗಿವೆ. 2004ರಲ್ಲಿ ಓಲಾಫ್ ಹೌಕ್ ಮತ್ತು ಸಂಗಡಿಗರು ಇನ್ನೊಂದು ಸಾಕ್ಷ್ಯ ನೀಡಿದರು. ನೆಕ್ಕು, ಹೆಕ್ಕು, ಒದೆ ಎಂಬರ್ಥದ ಇಂಗ್ಲಿಷ್ ಪದಗಳನ್ನು ಓದುವಾಗ, ಕ್ರಮವಾಗಿ ನಾಲಿಗೆ, ಬೆರಳು, ಪಾದಗಳ ಚಲನೆಗೆ ಸಂಬಂಧಿಸಿದ ಮಿದುಳಿನ ಭಾಗಗಳು ಅಥವಾ ಅವುಗಳ ನೆರೆಯ ಭಾಗಗಳು ಚಟುವಟಿಕೆ ತೋರಿದವು.

ಉತ್ಸಾಹಕ್ಕೆ ಮಿತಿಯಿಲ್ಲದಾಯಿತು. ಜೀವವಿಜ್ಞಾನಕ್ಕೆ ಡಿ.ಎನ್.ಎ. ಮಾಡಿದ ಉಪಕಾರವನ್ನು ಮನೋವಿಜ್ಞಾನಕ್ಕೆ ಈ ಕೋಶಗಳು ಮಾಡುವುವೆಂದು ವಿ. ಎಸ್. ರಾಮಚಂದ್ರನ್ 2000ದಲ್ಲಿ ಭವಿಷ್ಯ ನುಡಿದರು. ಅನುಕರಣೆ, ಅನುಕಂಪ, ಭಾಷೆ, ಸಂಸ್ಕೃತಿ ಎಲ್ಲವನ್ನೂ ಒಂದೇ ಕೀಲಿಯಿಂದ ತೆರೆಯಬಹುದೆಂಬ ಭರವಸೆ ಹಬ್ಬಿತು.

ಆದರೆ ಆಕ್ಷೇಪಗಳು ಲಘುವಾದವುಗಳಲ್ಲ. ಅಮೆರಿಕದ ಗ್ರೆಗರಿ ಹಿಕಾಕ್ 2009ರ ಲೇಖನದಲ್ಲಿಯೂ 2014ರ ಗ್ರಂಥದಲ್ಲಿಯೂ ಅವನ್ನು ವಿಶದವಾಗಿ ಮಂಡಿಸಿದ್ದಾರೆ. ಬ್ರೋಕಾ ಭಾಗಕ್ಕೆ ಪೆಟ್ಟುಬಿದ್ದು ಮಾತು ತೊಡರುವ ಅನೇಕರು ಪರರ ಮಾತನ್ನು ಬಹುಮಟ್ಟಿಗೆ ಅರ್ಥಮಾಡಿಕೊಳ್ಳುತ್ತಾರೆ. ಹುಟ್ಟಿನಿಂದಲೇ ಮಾತನಾಡಲಾರದ ಬಾಲಕನೊಬ್ಬ ಇಂಗ್ಲಿಷನ್ನು ಚೆನ್ನಾಗಿ ಅರಿಯುತ್ತಿದ್ದುದನ್ನು ಎರಿಕ್ ಲೆನ್ನೆಬರ್ಗ್ 1962ರಲ್ಲಿಯೇ ವರದಿಮಾಡಿದ್ದರು. ಆಡಲಾರದವನು ಅರಿಯಬಲ್ಲನೆಂದ ಮೇಲೆ, ಅರಿವಿಗೆ ಚಲನೆ ಅನಿವಾರ್ಯವೆಂಬ ವಾದ ನಿಲ್ಲದು. ವಾಕ್ಯದ ಅರ್ಥ ಸೂಚಿಸುವ ದಿಕ್ಕಿನಲ್ಲಿಯೇ ಕೈ ಚಲಿಸಬೇಕಾದಾಗ ಓದುಗರು ಬೇಗ ಉತ್ತರಿಸುತ್ತಾರೆಂಬ 2002ರ ಪ್ರಸಿದ್ಧ ಪ್ರಯೋಗವೂ ಉಳಿಯಲಿಲ್ಲ. ಹಲವು ಪ್ರಯೋಗಶಾಲೆಗಳು ಸೇರಿ ಅದನ್ನು ಪುನಃ ನಡೆಸಿ, 2022ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆ ಪರಿಣಾಮ ಕಾಣಲಿಲ್ಲ.

ಇದು ವಿದ್ವಾಂಸರ ಒಣಚರ್ಚೆಯೆಂದು ಶಾಲೆಗಳು ಕೈತೊಳೆದುಕೊಳ್ಳುವಂತಿಲ್ಲ. ಮಾಡಿದವನೇ ಅರಿತವನು ಎಂಬುದನ್ನು ನಿಯಮವಾಗಿ ಒಪ್ಪಿದರೆ, ಕೈಕಾಲು ಸ್ವಾಧೀನದಲ್ಲಿಲ್ಲದ ಮಗು, ನಾಲಿಗೆ ಹೊರಳದ ಮಗು ಅರಿವಿಗೂ ಅನರ್ಹವೆಂದು ತೀರ್ಮಾನಿಸಿದಂತಾಗುತ್ತದೆ. ಉತ್ತರ ಹೇಳಲಾರದ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ತಳ್ಳುವ ಅಭ್ಯಾಸ ಮೊದಲೇ ಇರುವಲ್ಲಿ, ಅದಕ್ಕೆ ವಿಜ್ಞಾನದ ಮುದ್ರೆಯನ್ನೂ ಒತ್ತುವುದು ಘೋರ ಅನ್ಯಾಯ. ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಅಪಾಯಕಾರಿ. ಕನ್ನಡಿ ನರಕೋಶಗಳಿರುವುದರಿಂದ ಮಕ್ಕಳು ನೋಡಿದಷ್ಟರಿಂದಲೇ ಕಲಿಯುತ್ತಾರೆಂದು ನಂಬಿ, ಪರದೆಯ ಮುಂದೆ ತರಗತಿಯನ್ನು ಕೂರಿಸಿದರೆ ಸಾಕೆಂದು ಬಗೆಯುವುದು ಆ ತಪ್ಪು.

ದೊರೆತಿರುವ ಸಾಕ್ಷ್ಯ ನೋಟವೊಂದೇ ಸಾಕೆಂಬುದಕ್ಕೆ ಎದುರಾಗಿ ನುಡಿಯುತ್ತದೆ. ಲಂಡನ್ನಿನಲ್ಲಿ ಬೀಟ್ರಿಸ್ ಕಾಲ್ವೊ-ಮೆರಿನೊ ಮತ್ತು ಸಂಗಡಿಗರು ಬ್ಯಾಲೆ ನರ್ತಕರನ್ನೂ ಬ್ರೆಜಿಲಿನ ಕಾಪೊಯೆರಾ ಕಲಾವಿದರನ್ನೂ ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ತಾವು ಅಭ್ಯಾಸಮಾಡಿದ ನೃತ್ಯವನ್ನು ನೋಡುವಾಗ ಮಿದುಳಿನ ಈ ಭಾಗಗಳಲ್ಲಿ ಹೆಚ್ಚಿನ ಚಟುವಟಿಕೆ ಕಂಡಿತ್ತು. ಬ್ಯಾಲೆಯಲ್ಲಿ ಗಂಡಸರೂ ಹೆಂಗಸರೂ ಪರಸ್ಪರರ ಹೆಜ್ಜೆಗಳನ್ನು ನಿತ್ಯವೂ ನೋಡುತ್ತಾರೆ, ಆದರೆ ಕೆಲವು ಹೆಜ್ಜೆಗಳನ್ನು ಒಂದು ವರ್ಗದವರು ಮಾತ್ರ ಹಾಕುತ್ತಾರೆ. 2006ರ ಮುಂದಿನ ಅಧ್ಯಯನದಲ್ಲಿ, ನೋಡಿ ಪರಿಚಯವಾದ ಹೆಜ್ಜೆಗಿಂತ ಹಾಕಿ ಪಳಗಿದ ಹೆಜ್ಜೆಗೇ ಮಿದುಳಿನ ಕೆಲವು ಚಲನ ಭಾಗಗಳು ಹೆಚ್ಚು ಸ್ಪಂದಿಸಿದವು. ಈ ಕೋಶಗಳ ಕನ್ನಡಿಗುಣವೇ ಮಾಡುವುದು ಮತ್ತು ನೋಡುವುದು ಒಟ್ಟೊಟ್ಟಿಗೆ ನಡೆದು ಬಂದ ಕಲಿಕೆಯ ಫಲವೆಂದು ಆಕ್ಸ್‌ಫರ್ಡಿನ ಸಿಸಿಲಿಯಾ ಹೇಯ್ಸ್ ಅವರು ವಾದಿಸುತ್ತಾರೆ. ಹಾಗಿದ್ದಲ್ಲಿ ಕನ್ನಡಿಯೇ ಕೈಕೆಲಸದಿಂದ ಮೂಡಿದ್ದು.

ಇವೆಲ್ಲವನ್ನು ತೂಗಿ ನೋಡಿದರೆ ನಡುವಿನ ದಾರಿಯೊಂದು ಸ್ಪಷ್ಟವಾಗುತ್ತದೆ. ಕ್ರಿಯೆ ಅರಿವಿನ ಏಕೈಕ ಬಾಗಿಲಲ್ಲ, ಆದರೆ ಅದು ವಿಶಾಲವಾದ ಬಾಗಿಲು. ಅಳೆದು ನೋಡಿದ ಮಗುವಿಗೆ 'ಅಳತೆ' ಎಂಬ ಪದ, ಬಿತ್ತಿ ನೋಡಿದ ಮಗುವಿಗೆ 'ಮೊಳಕೆ' ಎಂಬ ಪದ ಹೆಚ್ಚು ಸಂಪನ್ನವಾಗಿ ದಕ್ಕುತ್ತದೆ ಎಂಬುದು ಅನುಭವಿ ಅಧ್ಯಾಪಕರ ನಂಬಿಕೆ. ಅದನ್ನು ಸಮರ್ಥಿಸಲು ನರಕೋಶಗಳ ಹೆಸರೆತ್ತಬೇಕಾದ ಅಗತ್ಯವಿಲ್ಲ. ಮಕ್ಕಳ ಕಲಿಕೆಯನ್ನೇ ನೋಡಿ ಅದನ್ನು ಪರೀಕ್ಷಿಸಬಹುದು. ಮಿದುಳಿನ ಚಿತ್ರದಲ್ಲಿ ಬೆಳಕು ಮೂಡುವುದು ಬೇರೆ, ಮಗು ಪಾಠ ಕಲಿಯುವುದು ಬೇರೆ.

ಆದುದರಿಂದ 'ಮಿದುಳು ವಿಜ್ಞಾನ'ದ ಹೆಸರಿನಲ್ಲಿ ಬರುವ ದುಬಾರಿ ಸಾಮಗ್ರಿಗಳಿಗೆ ಹಣ ತೊಡಗಿಸುವ ಮುನ್ನ ಶಾಲೆಗಳ ಆಡಳಿತವರ್ಗ ಯೋಚಿಸಬೇಕು. ದಾನಿಗಳ ಹಣ ಸಾರ್ಥಕವಾಗುವುದು ಮಕ್ಕಳ ಕೈಗೆ ಸಿಗುವ ಪ್ರಯೋಗಶಾಲೆಯಲ್ಲಿ, ಕೈತೋಟದಲ್ಲಿ, ರಂಗಮಂಚದಲ್ಲಿ, ಮತ್ತು ಮಾತಾಡಲಾರದ ಮಗು ಬೆರಳಿಟ್ಟು ಉತ್ತರ ತೋರಿಸಬಲ್ಲ ಒಂದು ಚಿತ್ರಫಲಕದಲ್ಲಿ. ಮೊದಲ ಮೂರು ಅನೇಕ ಶಾಲೆಗಳಲ್ಲಿ ಅಲ್ಪಸ್ವಲ್ಪವಾದರೂ ಇವೆ. ನಾಲ್ಕನೆಯದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಅದಿಲ್ಲದ ಶಾಲೆ ಅದರಿಂದಲೇ ಆರಂಭಿಸುವುದು ಯುಕ್ತ.