ಒಡೆತನವಲ್ಲದ ಸ್ವಾಸ್ತ್ಯ

ಹೀಬ್ರೂ ಧರ್ಮಗ್ರಂಥಗಳು ಕಾನಾನ್ ನಾಡನ್ನು ಅಬ್ರಹಾಮನ ಸಂತತಿಗೆ ದೇವರು ವಾಗ್ದಾನ ಮಾಡಿದ ಸ್ವಾಸ್ತ್ಯವೆಂದು, ಅಂದರೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬರಬೇಕಾದ ಪಾಲೆಂದು ಬಣ್ಣಿಸುತ್ತವೆ. ಇದನ್ನು ಜನಾಂಗವೊಂದಕ್ಕೆ ದೇವರೇ ಬರೆದುಕೊಟ್ಟ ಕ್ರಯಪತ್ರವೆಂಬಂತೆ ಓದುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಆದರೆ ಅವೇ ಗ್ರಂಥಗಳ ಭೂಕಾನೂನುಗಳನ್ನು ಜೊತೆಗಿಟ್ಟು ನೋಡಿದರೆ, ಸ್ವಾಸ್ತ್ಯವೆಂಬುದು ಪಡೆದವನ ಹಕ್ಕನ್ನು ಹಿಗ್ಗಿಸುವುದಕ್ಕಿಂತ ಹೆಚ್ಚಾಗಿ ಅವನ ಕೈಯನ್ನು ಕಟ್ಟುತ್ತದೆಂಬುದು ಸ್ಪಷ್ಟವಾಗುತ್ತದೆ.

ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ ನೆಲ ದೇವರಾದ ಯೆಹೋವನದು, ಇಸ್ರಾಯೇಲ್ಯರು ಅದರ ಮೇಲೆ ಪರವೂರಿನವರಂತೆ ಒಕ್ಕಲಿರುವವರು, ಆದ್ದರಿಂದ ಹೊಲವನ್ನು ಶಾಶ್ವತವಾಗಿ ಮಾರುವಂತಿಲ್ಲ. ಬಡತನದಿಂದ ಮಾರಿದ ಹೊಲವೂ 50ನೆಯ ವರ್ಷದಲ್ಲಿ, ಜೂಬಿಲಿ ಎನಿಸಿಕೊಳ್ಳುವ ಆ ಬಿಡುಗಡೆಯ ಸಂವತ್ಸರದಲ್ಲಿ, ಮೂಲ ಕುಟುಂಬಕ್ಕೆ ಮರಳಬೇಕು. ಹೀಗಾಗಿ ಮಾರಾಟದ ಬೆಲೆಯನ್ನು ಜೂಬಿಲಿಯವರೆಗೆ ಉಳಿದಿರುವ ಬೆಳೆಗಳನ್ನು ಎಣಿಸಿ ಗೊತ್ತುಮಾಡಬೇಕಾಗಿತ್ತು, ಕೊಂಡವನ ಪಾಲಿಗೆ ಬರುತ್ತಿದ್ದುದು ಕೆಲವು ವರ್ಷಗಳ ಫಸಲು ಮಾತ್ರ. ಈ ಕಾನೂನು ಎಷ್ಟರಮಟ್ಟಿಗೆ ಆಚರಣೆಯಲ್ಲಿತ್ತೆಂಬುದು ವಿದ್ವಾಂಸರಲ್ಲಿ ವಿವಾದದ ವಿಷಯವೇ, ಆದರೂ ಅದರ ಹಿಂದಿನ ತರ್ಕದಲ್ಲಿ ಅಸ್ಪಷ್ಟತೆಯಿಲ್ಲ.

ಆ ತರ್ಕ ಅರಸನಿಗೂ ಅನ್ವಯಿಸುತ್ತಿತ್ತೆಂಬುದನ್ನು ನಾಬೋತನ ಪ್ರಸಂಗ ತೋರಿಸುತ್ತದೆ. ಇಜ್ರೇಲಿನಲ್ಲಿ ಅರಮನೆಗೆ ಹೊಂದಿಕೊಂಡಿದ್ದ ಅವನ ದ್ರಾಕ್ಷಿತೋಟಕ್ಕೆ ಬದಲಾಗಿ ಅರಸ ಅಹಾಬನು ಇನ್ನೂ ಒಳ್ಳೆಯ ತೋಟವನ್ನೋ ಹಣವನ್ನೋ ಕೊಡಲು ಸಿದ್ಧನಿದ್ದನು, ಅಂದರೆ ವ್ಯಾಪಾರದ ದೃಷ್ಟಿಯಿಂದ ಅವನ ಬೇಡಿಕೆಯಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಪಿತೃಗಳ ಸ್ವಾಸ್ತ್ಯವನ್ನು ಕೊಡಲು ತನಗೆ ಅಧಿಕಾರವಿಲ್ಲವೆಂಬುದು ನಾಬೋತನ ನಿಲುವಾಗಿತ್ತು. ಚೀದೋನಿನ ರಾಜಪುತ್ರಿಯಾದ ರಾಣಿ ಈಜೆಬೆಲಳಿಗೆ ಅರಸನೊಬ್ಬ ಇದಕ್ಕೆ ಸುಮ್ಮನಾಗುವುದೇ ವಿಚಿತ್ರವಾಗಿ ಕಂಡಿತು. ಅವಳು ಸುಳ್ಳುಸಾಕ್ಷಿಗಳ ಬಲದಿಂದ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದ ಮೇಲೆ ತೋಟಕ್ಕೆ ಕಾಲಿಟ್ಟ ಅಹಾಬನಿಗೆ ಪ್ರವಾದಿ ಎಲೀಯನು ಅವನ ವಂಶನಾಶವನ್ನೇ ಸಾರಿದನು.

ಒಕ್ಕಲು ಕರಾರು ಮುರಿದರೆ ಹೊರಬೀಳಬೇಕೆಂಬ ಎಚ್ಚರಿಕೆ ಧರ್ಮೋಪದೇಶಕಾಂಡದಲ್ಲಿದೆ. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯವು ಅಸ್ಸೀರಿಯರಿಗೂ, 586ರ ಸುಮಾರಿಗೆ ಯೆರೂಸಲೇಮು ಬಾಬಿಲೋನಿಯರಿಗೂ ವಶವಾದುದನ್ನು ಗ್ರಂಥಕರ್ತರು ಹೀಗೆಯೇ ಅರ್ಥಮಾಡಿಕೊಂಡರು. ಆದಿಕಾಂಡದ 15ನೆಯ ಅಧ್ಯಾಯದ ಒಡಂಬಡಿಕೆಯಲ್ಲಿ ಮಾತ್ರ ಇಂಥ ಷರತ್ತು ಕಾಣುವುದಿಲ್ಲ. ಈ ಎರಡು ದನಿಗಳನ್ನು ಸಂಕಲನಕಾರರು ಹೊಂದಿಸಲು ಹೋಗದೆ ಹಾಗೆಯೇ ಉಳಿಸಿದ್ದಾರೆ.

ಇಷ್ಟಾದರೂ ನಿಜವಾದ ತೊಡಕು ಬೇರೆಡೆ ಇದೆ. ಆ ನಾಡಿನಲ್ಲಿ ಆಗಲೇ ಜನರಿದ್ದರು, ಅವರನ್ನು ನಿರ್ಮೂಲ ಮಾಡಬೇಕೆಂಬ ಆಜ್ಞೆಯೂ ಗ್ರಂಥದಲ್ಲಿದೆ. 1952ರಿಂದ 1958ರವರೆಗೆ ಯೆರಿಕೋವಿನಲ್ಲಿ ಉತ್ಖನನ ನಡೆಸಿದ ಕ್ಯಾಥ್ಲೀನ್ ಕೆನ್ಯನ್, ಈ ಆಜ್ಞೆಯಂತೆ ನಾಡನ್ನು ಗೆಲ್ಲಲು ಹೊರಟ ಯೆಹೋಶುವನ ದಂಡಯಾತ್ರೆಗೆ ಸಾಮಾನ್ಯವಾಗಿ ಹೇಳಲಾಗುವ ಕಾಲಕ್ಕಿಂತ ಬಹಳ ಹಿಂದೆಯೇ ಅಲ್ಲಿಯ ಕೋಟೆ ಬಿದ್ದುಹೋಗಿತ್ತೆಂದು ನಿರ್ಧರಿಸಿದರು. ಆದರೆ ಯುದ್ಧ ನಡೆಯಲಿಲ್ಲವೆಂದ ಮಾತ್ರಕ್ಕೆ ಆಜ್ಞೆಯ ಕ್ರೌರ್ಯ ಕಡಿಮೆಯಾಗದು, ಅದಕ್ಕೆ ಸಮಾಧಾನ ಹುಡುಕುವ ವ್ಯಾಖ್ಯಾನಗಳು ಹೆಚ್ಚಿನವು ಪೊಳ್ಳು.

ಆ ಆಜ್ಞೆಯನ್ನು ಪ್ರಶ್ನಿಸಲು ಬೇಕಾದ ಸಾಮಗ್ರಿ ಗ್ರಂಥದೊಳಗೇ ಸಿಗುತ್ತದೆ. ಏದೋಮ್ಯರಿಗೂ ಮೋವಾಬ್ಯರಿಗೂ ಅಮ್ಮೋನಿಯರಿಗೂ ಅವರವರ ನಾಡನ್ನು ಕೊಟ್ಟವನು ಯೆಹೋವನೇ ಎಂದು ಧರ್ಮೋಪದೇಶಕಾಂಡ ಒಪ್ಪುತ್ತದೆ. ಫಿಲಿಷ್ಟಿಯರನ್ನು ಕಫ್ತೋರಿನಿಂದ ಕರೆತಂದವನೂ ಅವನೇ ಎಂದು ಪ್ರವಾದಿ ಆಮೋಸನು ಸಾರುತ್ತಾನೆ. ದೇಶವನ್ನು ಮತ್ತೆ ಹಂಚುವ ಬಗೆಯನ್ನು ಗಡೀಪಾರಿನ ಕಾಲದ ಪ್ರವಾದಿ ಯೆಹೆಜ್ಕೇಲನು ವಿವರಿಸುವಾಗ, ಇಸ್ರಾಯೇಲ್ಯರ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಅನ್ಯದೇಶೀಯರಿಗೂ ಅವರು ವಾಸಿಸುವ ಕುಲದಲ್ಲಿಯೇ ಸ್ವಾಸ್ತ್ಯದ ಪಾಲು ಸಲ್ಲಬೇಕೆಂದು ವಿಧಿಸಿದ್ದಾನೆ. ವಾಗ್ದಾನವನ್ನು ಮುಂದಿಟ್ಟು ಈ ವಿಧಿಯನ್ನು ಮರೆಮಾಚುವ ವಾದಕ್ಕೆ ಹೀಬ್ರೂ ಧರ್ಮಗ್ರಂಥದ ಪೂರ್ಣ ಸಮ್ಮತಿ ಇಲ್ಲ.