ತಾಯಿ ಕಾರ್ಡು ಕೇಳದ ವಕೀಲರು

ಈ ವಾರ ನನ್ನ ನೆಮ್ಮದಿ ಕೆಡಿಸಿದ್ದು ನೂರು ರೂಪಾಯಿಯ ಒಂದು ಬಾಂಡು. ಚಿಕ್ಕೋಡಿ ಕೋರ್ಟಿನ ಎದುರು ಚಹಾ ಕುಡಿಯುತ್ತಿದ್ದೆ. ನಿಪ್ಪಾಣಿ ಕಡೆಯ, ಬೀಡಿ ಕಟ್ಟುವ ಹೆಣ್ಣುಮಗಳೊಬ್ಬಳು ಅದನ್ನು ನನ್ನ ಮುಂದೆ ಹಿಡಿದು, "ಅಣ್ಣಾರ, ಒಂದೀಟ ಓದಿ ಹೇಳ್ರಿ" ಅಂದಳು. ಹಿರಿಯರು ಕೂತು ಬರೆಸಿದ ಸೋಡಚಿಟ್ಟಿ, ಅಂದರೆ ಗಂಡ-ಹೆಂಡತಿ ಬಿಡುಗಡೆಯ ಪತ್ರ. ನಾಲ್ಕು ವರ್ಷದ ಮಗ ಕೊಲ್ಲಾಪುರದ ತಂದೆಗೆ, ಒಡವೆ ಇವಳಿಗೆ. ಕೆಳಗೆ ಅವಳ ಹೆಬ್ಬೆಟ್ಟು. ಆ ಮಗ ಅಲ್ಲೇ ಅವಳ ಬಸಿಯಲ್ಲಿ ಬಿಸ್ಕೀಟು ಅದ್ದಿ ತಿನ್ನುತ್ತಿದ್ದ.

"ಗಂಡಮಗ ಅವರ ಮನಿತನಕ್ಕ ಸೇರಿದ್ದಂತ್ರಿ. ವಕೀಲ್ರೂ ಹಂಗ ಅಂದ್ರು. ಕೇಸ್ ಹಾಕೂದಿದ್ರ ಮೊದ್ಲ ಫೀ ಇಡು ಅಂದ್ರು. ಬೋರಮಾಳ ಒತ್ತಿ ಇಟ್ಟೇನ್ರಿ."

ಆ ವಕೀಲರಿಗೆ ಕಾನೂನು ಗೊತ್ತಿರಲಿಲ್ಲವೋ, ಹೇಳುವ ಮನಸ್ಸಿರಲಿಲ್ಲವೋ, ಎರಡನ್ನೂ ನಾನು ಕ್ಷಮಿಸಲಾರೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಗಂಡೋ ಹೆಣ್ಣೋ ಎಂದು ಅದು ಕೇಳುವುದಿಲ್ಲ. ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ 13ನೇ ಕಲಂ. ಹಿರಿಯರ ಬಾಂಡಿಗೆ ಕೋರ್ಟಿನ ಕೈ ಕಟ್ಟುವ ಬಲವಿಲ್ಲ. ಇನ್ನು ಫೀ ಮಾತು. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲೇ ಇದೆ. ಈ ಮಾತು ಅವಳಿಗೆ ಯಾರೂ ಹೇಳಲಿಲ್ಲ. ಬೋರಮಾಳ ಹೋಯಿತು.

ಗಡಿಯ ಬಗ್ಗೆ ನನ್ನ ಹಳೇ ತಕರಾರು ಮತ್ತೆ ಹೇಳುತ್ತೇನೆ. ಮಹಾರಾಷ್ಟ್ರ ಹೂಡಿದ ಗಡಿ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದಕ್ಕೆ ಎರಡೂ ಸರ್ಕಾರಗಳು ದೊಡ್ಡ ದೊಡ್ಡ ವಕೀಲರನ್ನು ಇಟ್ಟಿವೆ. ಇತ್ತ ಇಚಲಕರಂಜಿ, ಕಾಗಲ್, ಮೀರಜ್‌ಗಳೊಡನೆ ನಮ್ಮ ಬೀಗತನ ಒಂದು ದಿನವೂ ನಿಂತಿಲ್ಲ. ಸಂಸಾರ ಮುರಿದು ಗಂಡ ಕೊಲ್ಲಾಪುರದಲ್ಲಿ ಮೊದಲು ದಾವೆ ಹಾಕಿದನೆನ್ನಿ. 40 ಕಿಲೋಮೀಟರ್ ಈಚೆಯ ನಿಪ್ಪಾಣಿಗೆ ಅದನ್ನು ವರ್ಗಾಯಿಸಿಕೊಳ್ಳಲು ಹೆಂಡತಿ ದೆಹಲಿಯ ಸುಪ್ರೀಂ ಕೋರ್ಟಿಗೇ ಅರ್ಜಿ ಹಾಕಬೇಕು, ರಾಜ್ಯ ಬೇರೆಯಲ್ಲವೇ! ಬೀಡಿ ಕಟ್ಟುವಾಕೆ ದೆಹಲಿಗೆ ಹೋಗುವುದುಂಟೆ?

ಅದಕ್ಕೇ ಇಲ್ಲಿ ತಡ ಮಾಡಬಾರದು. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ತಿದ್ದುಪಡಿಯಾದ ಮೇಲೆ ಹೆಂಡತಿ ತಾನು ವಾಸವಿರುವ ಕಡೆಯ ಕೋರ್ಟಿನಲ್ಲೇ ವಿಚ್ಛೇದನದ ಅರ್ಜಿ ಹಾಕಬಹುದು. ಮಗುವಿನ ಪಾಲನೆಯ ಅರ್ಜಿಯನ್ನು 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಂತೆ ಮಗು ಸಾಮಾನ್ಯವಾಗಿ ವಾಸಿಸುವ ಕಡೆಯೇ ಹಾಕಬೇಕು. ಮಗು ಎಲ್ಲಿತ್ತು ಎಂಬುದಕ್ಕೆ ಸಾಕ್ಷಿ ಅವಳ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು: ಅಂಚು ಸವೆದ ತಾಯಿ ಕಾರ್ಡು, ಒಂದೊಂದು ಲಸಿಕೆಯ ಎದುರು ತಾರೀಖು, ಎಲ್ಲವೂ ತವರೂರಿನ ಆರೋಗ್ಯ ಕೇಂದ್ರದವು. ವಕೀಲರು ಅದನ್ನು ಕೇಳಿಯೇ ಇರಲಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋದೆ. ಅರ್ಜಿಯ ಮೇಲೆ ಮತ್ತೊಂದು ಹೆಬ್ಬೆಟ್ಟು ಬಿತ್ತು, ಈ ಸಲ ಅವಳಿಗೆ ಓದಿ ಹೇಳಿದ ಮೇಲೆ.

ರಾಯಬಾಗ, ಅಥಣಿ, ಕಾಗವಾಡದ ಅಕ್ಕತಂಗಿಯರೇ, ಒಡವೆ ಒತ್ತೆ ಇಡುವ ಮೊದಲು ಈ ಸಮಿತಿಯ ಬಾಗಿಲು ತಟ್ಟಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಖಾಸಗಿ ವಕೀಲರ ಬಳಿಯೇ ಹೋಗುವುದಾದರೆ ಅವರು ಮೊದಲು ಏನು ಕೇಳುತ್ತಾರೆ ನೋಡಿ. ಮಗುವಿನ ವಯಸ್ಸು ಕೇಳುವ ಮುಂಚೆ ಫೀ ಹೇಳಿದವರ ವಕಾಲತ್ತಿಗೆ ಸಹಿ ಹಾಕಬೇಡಿ.